‘ಗಮನವೇ ಇಲ್ಲ’ ಎಂದು ಯಾರನ್ನು ದೂರೋಣ?

ಕರಾವಳಿಯ ಅನೇಕ ಮನೆಗಳಿಗೆ ಭಾನುವಾರ ಸಂಜೆ ಬೆಂಗಳೂರಿನಿಂದ ಒಂದು ಫೋನ್ ಕರೆ ಬರುತ್ತದೆ. ವೈಟ್‌ಫೀಲ್ಡ್‌ನಿಂದಲೋ, ಇಲೆಕ್ಟ್ರಾನಿಕ್ ಸಿಟಿಯಿಂದಲೋ, ಪೀಣ್ಯದಿಂದಲೋ ಮಗ ಅಥವಾ ಮಗಳು ಮಾತನಾಡುತ್ತಾರೆ. ಮಳೆ, ಅಡಿಕೆ, ನೆಂಟರಿಷ್ಟರ ಸುದ್ದಿಯೆಲ್ಲ ಮುಗಿದ ಮೇಲೆ ಸ್ವರ ಸ್ವಲ್ಪ ತಗ್ಗುತ್ತದೆ. "ಶಾಲೆಯಿಂದ ಮತ್ತೆ ಕರೆಸಿದ್ದರು ಅಮ್ಮಾ. ಒಂದು ಕಡೆ ಕುಳಿತುಕೊಳ್ಳುವುದಿಲ್ಲವಂತೆ, ಪಾಠದ ಮೇಲೆ ಗಮನವೇ ಇಲ್ಲವಂತೆ. ಡಾಕ್ಟರಿಗೆ ತೋರಿಸಿ ಅಂದರು." ಊರಿನಿಂದ ಉತ್ತರ ಹೋಗುತ್ತದೆ: "ಸಣ್ಣ ಮಕ್ಕಳು ಹಾಗೆಯೇ ಮಗಾ. ನೀನೂ ಹಾಗೆಯೇ ಇದ್ದೆ. ನಾಲ್ಕು ಪೆಟ್ಟು ಬಿದ್ದ ಮೇಲೆ ಸರಿಯಾದೆ."

ಶಾಲೆ ಹೇಳಿದ್ದರಲ್ಲೂ ಸ್ವಲ್ಪ ಸತ್ಯವಿದೆ, ಅಜ್ಜಿ ಹೇಳಿದ್ದರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಇವೆರಡರ ನಡುವೆ ಮಗುವಿನ ಎರಡು ಮೂರು ವರ್ಷಗಳು ಕಳೆದುಹೋಗುವ ಅಪಾಯವೂ ಇದೆ. ಕಲಿಕೆಯ ತೊಂದರೆ ಅಥವಾ ಬೆಳವಣಿಗೆಯ ತೊಂದರೆ ಇರುವ ಮಗುವಿಗೆ ಐದರಿಂದ ಎಂಟರವರೆಗಿನ ವಯಸ್ಸು ಬಹಳ ಬೆಲೆಯುಳ್ಳದ್ದು. ಆದುದರಿಂದ ಈ ವಿಷಯವನ್ನು ನಾವು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಇಂದು ಬೆಂಗಳೂರಿನ ಈ ಹೊರವಲಯಗಳಲ್ಲಿವೆ. ಅಲ್ಲಿನ ಮಕ್ಕಳ ಪ್ರಶ್ನೆ ನಮಗೆ ದೂರದ ಊರಿನ ಪ್ರಶ್ನೆಯಲ್ಲ.

ಗಮನ ಎಂಬುದು ಒಂದೇ ಸಂಗತಿಯಲ್ಲ

'ಗಮನ' ಎಂಬ ಒಂದೇ ಪದದಿಂದ ನಾವು ಹಲವು ಸಾಮರ್ಥ್ಯಗಳನ್ನು ಸೂಚಿಸುತ್ತೇವೆ. ಒಂದು ಕೆಲಸದ ಕಡೆ ಮನಸ್ಸನ್ನು ತಿರುಗಿಸುವುದು, ಅಲ್ಲೇ ಹಿಡಿದು ನಿಲ್ಲಿಸುವುದು, ಬೇಡದ ಸದ್ದನ್ನು ಬದಿಗಿಡುವುದು, ಕರೆದಾಗ ಅಲ್ಲಿಂದ ಬಿಡಿಸಿಕೊಂಡು ಬೇರೆ ಕಡೆ ಹೊರಳುವುದು, ಕೇಳಿದ ಮಾತನ್ನು ಮಾಡಿ ಮುಗಿಸುವವರೆಗೆ ನೆನಪಿನಲ್ಲಿ ಇಟ್ಟುಕೊಳ್ಳುವುದು – ಇವೆಲ್ಲವೂ ಬೇರೆ ಬೇರೆ. ಒಂದರಲ್ಲಿ ಸೋಲುವ ಮಗು ಇನ್ನೊಂದರಲ್ಲಿ ಗಟ್ಟಿಯಾಗಿರಬಹುದು.

ಎ.ಡಿ.ಎಚ್.ಡಿ. ಇರುವ ಮಗುವಿಗೆ ಮನಸ್ಸನ್ನು ಹಿಡಿದು ನಿಲ್ಲಿಸುವುದೇ ಕಷ್ಟ. ಕೆಲಸ ನೀರಸವಾದಷ್ಟೂ ಆ ಕಷ್ಟ ಹೆಚ್ಚುತ್ತದೆ. ಆಟಿಸಂ ಇರುವ ಮಗು ಅರ್ಧ ಗಂಟೆ ತಿರುಗುವ ಫ್ಯಾನನ್ನೇ ನೋಡುತ್ತ ಕುಳಿತಿರಬಲ್ಲದು, ಮೆಟ್ರೋ ನಿಲ್ದಾಣಗಳ ಹೆಸರನ್ನೆಲ್ಲ ಕ್ರಮವಾಗಿ ಹೇಳಬಲ್ಲದು. ಅದಕ್ಕೆ ಗಮನ ಕಡಿಮೆ ಎನ್ನಲು ಸಾಧ್ಯವೇ? ಅದರ ಕಷ್ಟ ಇರುವುದು ಅಲ್ಲಿಂದ ಬಿಡಿಸಿಕೊಂಡು ನಾವು ಕರೆದ ಕಡೆಗೆ ತಿರುಗುವುದರಲ್ಲಿ. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ "ಪುಸ್ತಕ ತೆಗಿ, ಇಪ್ಪತ್ತನೇ ಪುಟ ನೋಡು, ಮೂರನೇ ಪ್ರಶ್ನೆ ಬರಿ" ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಮೊದಲನೆಯದು ಮಾತ್ರ ಉಳಿಯುತ್ತದೆ. ಅದೇ ಮಾತನ್ನು ಒಂದೊಂದಾಗಿ ಹೇಳಿದರೆ ಮಗು ಮೂರನ್ನೂ ಮಾಡುತ್ತದೆ.

ಡಿಸ್ಲೆಕ್ಸಿಯ ಇರುವ ಮಗುವಿನ ಕಥೆ ಮತ್ತೂ ಬೇರೆ. ನಾವು ಒಂದು ವಾಕ್ಯ ಓದುವಾಗ ಅಕ್ಷರಗಳ ಕಡೆ ಮನಸ್ಸು ಕೊಡುವುದೇ ಇಲ್ಲ, ಅರ್ಥವೇ ನೇರವಾಗಿ ಬರುತ್ತದೆ. ಆ ಮಗು ಪ್ರತಿ ಅಕ್ಷರವನ್ನೂ ಬಿಡಿಸಬೇಕು. ಹತ್ತು ನಿಮಿಷದಲ್ಲಿ ಅದು ದಣಿಯುತ್ತದೆ, ಕಿಟಕಿಯ ಕಡೆ ನೋಡುತ್ತದೆ. ಟೀಚರಿಗೆ ಕಾಣುವುದು ಕಿಟಕಿಯ ಕಡೆ ಹೋದ ಕಣ್ಣು ಮಾತ್ರ. ಕನ್ನಡದಲ್ಲಿ ಈ ಹೊರೆ ಕಡಿಮೆಯೇನಲ್ಲ. ಕಾಗುಣಿತ, ಒತ್ತಕ್ಷರ ಸೇರಿ ಮಗು ಕಲಿಯಬೇಕಾದ ರೂಪಗಳು ನಾನೂರಕ್ಕೂ ಹೆಚ್ಚು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರಗಳು ಮಕ್ಕಳಿಗೆ ಪೂರ್ತಿ ಕೈವಶವಾಗಲು ಇಂಗ್ಲಿಷ್ ಅಕ್ಷರಮಾಲೆಗಿಂತ ಬಹಳ ಹೆಚ್ಚು ಕಾಲ ಬೇಕು, ನಾಲ್ಕನೇ ತರಗತಿಯವರೆಗೂ ಕಲಿಕೆ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಸಾಮಾನ್ಯ ಮಗುವಿಗೇ ಇಷ್ಟು ಕಾಲ ಬೇಕಾದರೆ ತೊಂದರೆ ಇರುವ ಮಗುವಿನ ಸ್ಥಿತಿಯನ್ನು ನಾವೇ ಊಹಿಸಬಹುದು.

ಇಂತಹ ಮಕ್ಕಳು ಎಲ್ಲೋ ಅಪರೂಪಕ್ಕೆ ಒಬ್ಬರು ಎಂದು ತಿಳಿಯಬಾರದು. ನಮ್ಮ ನೆರೆಯ ಉತ್ತರ ಗೋವಾ ಸೇರಿದಂತೆ ದೇಶದ ಐದು ಕಡೆ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸುಮಾರು ಶೇ. 12ರಷ್ಟು ಮಕ್ಕಳಲ್ಲಿ ನರಬೆಳವಣಿಗೆಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಇತ್ತು. ಎಂದರೆ ಎಂಟು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು. ನಲವತ್ತು ಮಕ್ಕಳ ತರಗತಿಯಲ್ಲಿ ಐದು.

ಮೊದಲು ನೋಡಬೇಕಾದ ಕಾರಣಗಳು

ಗಮನ ಕೊಡದ ಪ್ರತಿಯೊಂದು ಮಗುವಿಗೂ ಎ.ಡಿ.ಎಚ್.ಡಿ. ಎಂಬ ಚೀಟಿ ಅಂಟಿಸುವ ರೂಢಿ ಈಚೆಗೆ ಬೆಳೆದಿದೆ. ಅದೂ ತಪ್ಪು. ವೈದ್ಯರು ಅನುಸರಿಸುವ ಮಾನದಂಡದಂತೆ ಲಕ್ಷಣಗಳು 12 ವರ್ಷಕ್ಕಿಂತ ಮೊದಲೇ ಆರಂಭವಾಗಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಿಸಬೇಕು. ಒಬ್ಬ ಟೀಚರ ತರಗತಿಯಲ್ಲಿ ಮಾತ್ರ ಚಡಪಡಿಸುವ ಮಗುವಿನ ತೊಂದರೆ ಬಹುಶಃ ಆ ತರಗತಿಯಲ್ಲೇ ಇದೆ.

ಅದಕ್ಕೂ ಮೊದಲು ನೋಡಬೇಕಾದ ಸರಳ ಸಂಗತಿಗಳಿವೆ. ಮಗುವಿಗೆ ಬೋರ್ಡು ಕಾಣುತ್ತದೆಯೇ? ಕಿವಿ ಸರಿಯಾಗಿ ಕೇಳುತ್ತದೆಯೇ? ಪದೇ ಪದೇ ಶೀತವಾಗಿ ಕಿವಿ ಸೋರುವ ಮಗು ಅರ್ಧ ಪಾಠವನ್ನು ಕೇಳಿಸಿಕೊಂಡೇ ಇರುವುದಿಲ್ಲ. ಕೆಲವು ಮಕ್ಕಳಿಗೆ ಕೆಳಗೆ ಬೀಳದ, ಕೈಕಾಲು ಸೆಳೆಯದ ಒಂದು ಬಗೆಯ ಫಿಟ್ಸ್ ಇರುತ್ತದೆ. ಕೆಲವೇ ಸೆಕೆಂಡು ಕಣ್ಣು ನೆಟ್ಟು ಸುಮ್ಮನಾಗಿ ಮತ್ತೆ ಮೊದಲಿನಂತಾಗುತ್ತದೆ. ದಿನಕ್ಕೆ ಹತ್ತಾರು ಬಾರಿ ಹೀಗಾದರೂ 'ಕನಸು ಕಾಣುತ್ತಾ ಕುಳಿತಿದ್ದಾಳೆ' ಎಂಬ ಬೈಗುಳದಲ್ಲೇ ಅದು ಮುಗಿದುಹೋಗುತ್ತದೆ. ಔಷಧಿಯಿಂದ ಬಹುಪಾಲು ಹತೋಟಿಗೆ ಬರುವ ಕಾಯಿಲೆ ಇದು.

ರಕ್ತಹೀನತೆ ಇನ್ನೊಂದು ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಕಬ್ಬಿಣಾಂಶ ಇಲ್ಲದ ಮಿದುಳಿನಿಂದ ಏಕಾಗ್ರತೆಯನ್ನು ನಿರೀಕ್ಷಿಸುವುದು ಹೇಗೆ?

ಕೈಗಾರಿಕಾ ವಲಯದಲ್ಲಿ ನೆನಪಿಡಬೇಕಾದ ಮತ್ತೊಂದು ಹೆಸರು ಸೀಸ. ಮಕ್ಕಳ ರಕ್ತದಲ್ಲಿ ಸ್ವಲ್ಪವೇ ಸೀಸ ಸೇರಿದರೂ ಬುದ್ಧಿಶಕ್ತಿ ಮತ್ತು ಗಮನಶಕ್ತಿ ಕುಂದುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಈ ಅಪಾಯವನ್ನು ದೇಶಕ್ಕೆ ಮೊದಲು ತೋರಿಸಿಕೊಟ್ಟ ಊರುಗಳಲ್ಲಿ ಬೆಂಗಳೂರು ಒಂದು. ಜಾರ್ಜ್ ಫೌಂಡೇಶನ್ 1999ರಲ್ಲಿ ಪ್ರಕಟಿಸಿದ ನಗರಗಳ ಸಮೀಕ್ಷೆಯಲ್ಲಿ 12 ವರ್ಷದೊಳಗಿನ ಅರ್ಧಕ್ಕೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಅಂದಿನ ಮಿತಿಯನ್ನು ಮೀರಿತ್ತು. ಕೋರಮಂಗಲದ ಸೈಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಕೆಲಸವನ್ನು ಅನೇಕ ವರ್ಷ ಮುಂದುವರಿಸಿದರು. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ 2017ರ ನವೆಂಬರ್‌ನಿಂದ ಬಿಗಿಯಾದ ಮಿತಿ ಬಂತು. ಆದರೂ 2020ರ ಯುನಿಸೆಫ್ ವರದಿಯ ಅಂದಾಜಿನಂತೆ ಭಾರತದ 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಕಳವಳಪಡುವಷ್ಟಿದೆ. ಹಳೆಯ ಬ್ಯಾಟರಿ ಒಡೆದು ಕರಗಿಸುವ ಕೆಲಸ, ಬೆಸುಗೆ, ಹಳೆಯ ಬಣ್ಣ ಉಜ್ಜುವ ಕೆಲಸ ಮಾಡುವ ತಂದೆಯ ಬಟ್ಟೆಯೊಂದಿಗೇ ಆ ಧೂಳು ಮನೆಗೆ ಬರುತ್ತದೆ. ಕೆಲಸದ ಬಟ್ಟೆಯನ್ನು ಹೊರಗೇ ಬದಲಾಯಿಸಿ, ಕೈಕಾಲು ತೊಳೆದು ಮಗುವನ್ನು ಎತ್ತಿಕೊಳ್ಳಬೇಕು ಎಂಬ ಒಂದು ಮಾತನ್ನು ಆ ಕುಟುಂಬಗಳಿಗೆ ತಿಳಿಸಿದರೆ ದುಡ್ಡಿಲ್ಲದೆ ಒಂದು ಉಪಕಾರವಾಗುತ್ತದೆ.

ಒಂದೇ ವಲಯದ ಎರಡು ಮನೆಗಳು

ಈಗ ಈ ಹೊರವಲಯಕ್ಕೆ ಬರೋಣ. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆಂದು ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಹುಟ್ಟಿದ ಹಳ್ಳಿ ವೈಟ್‌ಫೀಲ್ಡ್. ಇಂದು ಅಲ್ಲಿ ಗಾಜಿನ ಕಚೇರಿಗಳು, ಇಪ್ಪತ್ತು ಮಹಡಿಯ ವಸತಿಗಳು. ಅವುಗಳ ಕಾಂಪೌಂಡಿನಾಚೆಯೇ ತಗಡಿನ ಶೆಡ್ಡುಗಳಲ್ಲಿ ಕಟ್ಟಡ ಕಾರ್ಮಿಕರ ಸಂಸಾರಗಳು. ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳು, ಗಾರ್ಮೆಂಟ್ಸ್‌ಗಳು. ಅದಕ್ಕೆ ಅಂಟಿಕೊಂಡ ಲಗ್ಗೆರೆಯಂತಹ ಬಡಾವಣೆಗಳಲ್ಲಿ ಒಂದು ಕೋಣೆಯ ಬಾಡಿಗೆ ಮನೆಗಳು. ಹೊಸೂರು ರಸ್ತೆಯ ಇಲೆಕ್ಟ್ರಾನಿಕ್ ಸಿಟಿಯ ಪಕ್ಕದಲ್ಲೇ ಬೊಮ್ಮಸಂದ್ರದ ಕಾರ್ಖಾನೆಗಳು.

ಇಂತಹ ವಲಯದಲ್ಲಿ ಏಳು ವರ್ಷದ ಎರಡು ಮಕ್ಕಳನ್ನು ಕಲ್ಪಿಸಿಕೊಳ್ಳೋಣ. ಇಬ್ಬರ ತೊಂದರೆಯೂ ಒಂದೇ.

ಮೊದಲನೆಯ ಮಗು ಹನ್ನೊಂದನೇ ಮಹಡಿಯಲ್ಲಿದೆ. ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಸಂಜೆಯ ಹೊತ್ತಿಗೇ ಅಮೆರಿಕದವರ ಕಚೇರಿ ತೆರೆಯುವುದರಿಂದ ಮನೆಗೆ ಬಂದ ಮೇಲೂ ಲ್ಯಾಪ್‌ಟಾಪ್ ಮುಚ್ಚುವಂತಿಲ್ಲ. ಮಗುವಿಗೆ ವಾರಕ್ಕೆ ಮೂರು ದಿನ ಥೆರಪಿ ಇದೆ, ಟ್ಯೂಷನ್ ಇದೆ, ಉಳಿದ ಹೊತ್ತಿಗೆ ಕೈಯಲ್ಲಿ ಟ್ಯಾಬ್ ಇದೆ. ಅದರಲ್ಲಿ ಒಂದರ ಹಿಂದೆ ಒಂದು ಓಡುವ ಚಿತ್ರಗಳು ಮಗುವನ್ನು ಸುಮ್ಮನಿರಿಸುತ್ತವೆ, ಆದರೆ ಸುಮ್ಮನಿರುವುದು ಗಮನವಲ್ಲ. ಎರಡು ವರ್ಷದಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಒಂದು ವರ್ಷದೊಳಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆಟಿಸಂ ಅಥವಾ ಎ.ಡಿ.ಎಚ್.ಡಿ. ಪರದೆಯಿಂದ ಹುಟ್ಟುತ್ತದೆ ಎಂದು ಹೇಳುವಂತಿಲ್ಲ, ಹಾಗೆಂದು ತಾಯಂದಿರನ್ನು ದೂರುವುದು ಅನ್ಯಾಯ. ಆದರೆ ಮಾತು, ಆಟ, ನಿದ್ದೆ ಈ ಮೂರರ ಹೊತ್ತನ್ನು ಪರದೆ ತಿನ್ನುತ್ತದೆ. ತೊಂದರೆ ಇರುವ ಮಗುವಿಗೆ ಈ ಮೂರೂ ಇತರರಿಗಿಂತ ಹೆಚ್ಚು ಬೇಕು.

ಎರಡನೆಯ ಮಗು ಒಂದು ಕೋಣೆಯ ಮನೆಯಲ್ಲಿದೆ. ತಾಯಿ ಗಾರ್ಮೆಂಟ್ಸ್‌ಗೆ, ತಂದೆ ಕಾರ್ಖಾನೆಗೆ. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದವರು. ಕಷ್ಟಪಟ್ಟು ಬೀದಿಯ ಕೊನೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಫೀಸು ಕಟ್ಟಿದ್ದಾರೆ. ಅಲ್ಲಿ ಮಗು 'ಹಿಂದುಳಿದವನು'. ಹಿಂದಿನ ಬೆಂಚು, ನಂತರ ಟಿ.ಸಿ. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರಕಾರದ ವೈದ್ಯಕೀಯ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಆ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಎ.ಡಿ.ಎಚ್.ಡಿ.ಯೂ ಆಟಿಸಂ ಕೂಡ ಇವೆ. ಆದರೆ ಅನುದಾನವಿಲ್ಲದ ಖಾಸಗಿ ಶಾಲೆಗೆ ಈ ತಂಡ ಬರುವುದಿಲ್ಲ. ಹೊಟ್ಟೆ ಕಟ್ಟಿ ಫೀಸು ಕಟ್ಟಿದ ತಾಯಿಯ ಮಗು ಈ ಉಚಿತ ತಪಾಸಣೆಯಿಂದ ಹೊರಗೆ ಉಳಿಯುತ್ತದೆ.

ಇನ್ನು ಆಸ್ಪತ್ರೆಗೆ ಹೋಗೋಣವೆಂದರೆ ದಿನದ ಸಂಬಳ ಹೋಗುತ್ತದೆ. ಥೆರಪಿ ಒಂದು ದಿನದ ಕೆಲಸವಲ್ಲ, ತಿಂಗಳುಗಟ್ಟಲೆ ಹೋಗಿಬರಬೇಕು. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ, ಇಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ಮೆಟ್ರೋ ಬಂದು ದಾರಿ ಹತ್ತಿರವಾಗಿದೆ ನಿಜ. ಆದರೆ ರಜೆ ಕೊಡುವವರು ಯಾರು?

ದೊಡ್ಡವರ ಹೊತ್ತು ಎಲ್ಲಿ ಹೋಯಿತು?

ಈ ಎರಡು ಮನೆಗಳಿಗೂ ಸಮಾನವಾದ ಒಂದು ಬಡತನವಿದೆ. ಅದು ಹೊತ್ತಿನ ಬಡತನ. ಮಗುವಿನ ಗಮನ ಬೆಳೆಯುವುದು ಯಾರಾದರೂ ಒಬ್ಬರು ಅದರೊಡನೆ ಕುಳಿತು ಒಂದೇ ವಸ್ತುವನ್ನು ಒಟ್ಟಿಗೆ ನೋಡಿದಾಗ. "ಅಲ್ಲಿ ನೋಡು, ಕಾಗೆ!" ಎಂದು ಬೆರಳು ತೋರಿಸುವ ಅಜ್ಜ ತನಗೆ ತಿಳಿಯದೆಯೇ ಗಮನದ ಮೊದಲ ಪಾಠ ಕಲಿಸುತ್ತಿರುತ್ತಾನೆ. ಬೆಳವಣಿಗೆಯ ತೊಂದರೆ ಇರುವ ಮಗುವಿಗೆ ಈ ಪಾಠವನ್ನು ನೂರು ಬಾರಿ ಹೇಳಬೇಕಾಗುತ್ತದೆ, ಅಷ್ಟೇ.

ಹೀಗಿರುವಾಗ ದೊಡ್ಡವರ ಕೆಲಸದ ಹೊತ್ತನ್ನು ಹೆಚ್ಚಿಸುವ ಮಾತುಗಳೇ ಕೇಳಿಬರುತ್ತಿವೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯ ಪಾಳಿಗೆ ದಾರಿ ಮಾಡಿತು, ವಾರದ ಮಿತಿ ಮಾತ್ರ 48 ಗಂಟೆ. 2024ರ ಜುಲೈನಲ್ಲಿ ಐ.ಟಿ. ಕಂಪೆನಿಗಳ ಉದ್ಯೋಗಿಗಳಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾಪ ಬಂದು ನೌಕರರ ಸಂಘಟನೆಗಳು ಬೀದಿಗಿಳಿದವು. 2025ರ ಜೂನ್‌ನಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿಯ ಪ್ರಸ್ತಾಪದ ಮೂಲಕ ಅದೇ ಚರ್ಚೆ ಇನ್ನೊಮ್ಮೆ ಎದ್ದಿತು. ಉತ್ಪಾದನೆ, ಹೂಡಿಕೆ, ಸ್ಪರ್ಧೆ ಇವುಗಳ ಬಗ್ಗೆ ಎಲ್ಲರೂ ಮಾತನಾಡಿದರು. ಆ ಎರಡು ಮೂರು ಗಂಟೆಗಳನ್ನು ಯಾವ ಮಗುವಿನ ಪಾಲಿನಿಂದ ತೆಗೆಯಲಾಗುತ್ತದೆ ಎಂದು ಕೇಳಿದವರು ಕಡಿಮೆ. ಮಕ್ಕಳಲ್ಲಿ ಗಮನವಿಲ್ಲ ಎಂದು ದೂರುವ ಸಮಾಜ ಮಕ್ಕಳ ಕಡೆ ಗಮನ ಕೊಡಲು ಹೊತ್ತನ್ನೇ ಉಳಿಸದಿದ್ದರೆ ದೂರು ಯಾರ ಮೇಲೆ?

ಒಂದನೇ ತರಗತಿಯ ವಯಸ್ಸು

ಈಚಿನ ಇನ್ನೊಂದು ಚರ್ಚೆಯೂ ಇದಕ್ಕೆ ಸಂಬಂಧಿಸಿದೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ರಾಜ್ಯ ಸರಕಾರ 2022ರಲ್ಲಿ ಆದೇಶಿಸಿ, 2025-26ರಿಂದ ಜಾರಿ ಮಾಡುವುದಾಗಿ ಹೇಳಿತ್ತು. ಹೆತ್ತವರ ಒತ್ತಾಯದ ಮೇರೆಗೆ 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳ ರಿಯಾಯಿತಿ ಘೋಷಿಸಿದರು. ಮುಂದಿನ ಸಾಲಿನಿಂದ ಆರು ವರ್ಷ ಕಡ್ಡಾಯ ಎಂದೂ ಆಗ ಹೇಳಿದರು.

'ಒಂದು ವರ್ಷ ಹಾಳಾಗುತ್ತದೆ' ಎಂಬ ಹೆತ್ತವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಲಕ್ಷಾಂತರ ಮಕ್ಕಳ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಏನು ಹೇಳುತ್ತದೆ ನೋಡಿ. ಅಲ್ಲಿ ಡಿಸೆಂಬರ್‌ನಲ್ಲಿ ಹುಟ್ಟಿದವರೇ ತರಗತಿಯ ಅತಿ ಚಿಕ್ಕವರು. ಜನವರಿಯಲ್ಲಿ ಹುಟ್ಟಿದವರಿಗಿಂತ ಅವರಿಗೆ ಎ.ಡಿ.ಎಚ್.ಡಿ. ಎಂಬ ನಿರ್ಣಯ ಸಿಗುವ ಸಾಧ್ಯತೆ ಹುಡುಗರಲ್ಲಿ ಶೇ. 30ರಷ್ಟು, ಹುಡುಗಿಯರಲ್ಲಿ ಶೇ. 70ರಷ್ಟು ಹೆಚ್ಚಾಗಿತ್ತು. ವಯಸ್ಸು ಸಾಲದಿದ್ದುದನ್ನೇ ಕಾಯಿಲೆ ಎಂದು ತಿಳಿದದ್ದು ಇದರಲ್ಲಿ ಸಾಕಷ್ಟಿದೆ. ಐದೂವರೆ ವರ್ಷದ ಮಗುವನ್ನು ಆರೂವರೆಯವರ ನಡುವೆ ಕೂರಿಸಿ 'ಗಮನವಿಲ್ಲ' ಎನ್ನುವ ಮೊದಲು ನಾವು ಜನನ ಪ್ರಮಾಣಪತ್ರವನ್ನು ಒಮ್ಮೆ ನೋಡಬೇಕು.

ಕಾನೂನು ಇದೆ, ಕೈಗೆ ಸಿಗಬೇಕು

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದು 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದರ ಪಟ್ಟಿಯಲ್ಲಿರುವ 21 ಬಗೆಯ ನ್ಯೂನತೆಗಳಲ್ಲಿ ಬೌದ್ಧಿಕ ನ್ಯೂನತೆ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿವೆ. ಎ.ಡಿ.ಎಚ್.ಡಿ. ಪ್ರತ್ಯೇಕವಾಗಿ ಸೇರಿಲ್ಲ, ಇದೊಂದು ದೊಡ್ಡ ಕೊರತೆ. ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂತಹ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು, ಅದಕ್ಕೆ ತಕ್ಕ ಕಲಿಸುವ ಕ್ರಮ ಕೈಗೊಳ್ಳಬೇಕು. ಅಲ್ಪಸಂಖ್ಯಾತರ ಶಾಲೆ ಎಂಬ ವಿನಾಯಿತಿ ಆ ಸೆಕ್ಷನ್‌ನಲ್ಲಿ ಬರೆದಿಲ್ಲ. ನಮ್ಮವರೇ ನಡೆಸುವ ಶಾಲೆಗಳ ಆಡಳಿತ ಮಂಡಳಿಗಳು ಈ ಮಾತನ್ನು ತಮಗೇ ಹೇಳಿದ್ದೆಂದು ಓದಿಕೊಳ್ಳಬೇಕಾಗಿದೆ. ಶೇಕಡಾ ನೂರು ಫಲಿತಾಂಶದ ಬ್ಯಾನರಿನ ಹಿಂದೆ ಒಂಬತ್ತನೇ ತರಗತಿಯಲ್ಲೇ ಟಿ.ಸಿ. ಪಡೆದು ಹೋದ ಮಕ್ಕಳೆಷ್ಟು ಎಂಬ ಲೆಕ್ಕವನ್ನೂ ನಾವು ಇಡಬೇಕಲ್ಲವೇ?

ವಿಶೇಷ ಶಿಕ್ಷಕರ ಕೊರತೆಯ ಬಗ್ಗೆ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿ, ಪ್ರಾಥಮಿಕ ಹಂತದಲ್ಲಿ ಇಂತಹ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಸೂಚಿಸಿತು. ಮೂರು ವರ್ಷ ಕಳೆದರೂ ರಾಜ್ಯಗಳು ಮುಂದುವರಿಯದ ಕಾರಣ 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಅಧಿಸೂಚಿಸಿ ಭರ್ತಿ ಮಾಡುವಂತೆ ಮತ್ತೆ ಆದೇಶಿಸಬೇಕಾಯಿತು. ಕರ್ನಾಟಕದಲ್ಲಿ ಬ್ಲಾಕ್ ಮಟ್ಟದ ಬಿ.ಐ.ಇ.ಆರ್.ಟಿ. ಶಿಕ್ಷಕರು ಶಾಲೆಯಿಂದ ಶಾಲೆಗೆ ಓಡಾಡಿ ದುಡಿಯುತ್ತಿದ್ದಾರೆ, ಆದರೆ ಒಬ್ಬರು ಎಷ್ಟು ಶಾಲೆಗೆ ಹೋಗಬಲ್ಲರು?

ಪ್ರಮಾಣಪತ್ರ ಸಿಕ್ಕರೆ ಪ್ರಯೋಜನಗಳಿವೆ. ಶೇ. 40 ಅಥವಾ ಹೆಚ್ಚಿನ ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಬರೆಯುವುದರಲ್ಲಿ ಅಡಚಣೆ ಇರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕೆಂದು 2018ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಆಟಿಸಂ, ಬೌದ್ಧಿಕ ನ್ಯೂನತೆ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ, ಥೆರಪಿಯ ಖರ್ಚಿಗೂ ಅದರಲ್ಲಿ ಅವಕಾಶವಿದೆ. ಕಲಿಕಾ ನ್ಯೂನತೆಯ ಪರೀಕ್ಷೆಯಲ್ಲಿ ಭಾಷೆಯ ತೊಡಕೂ ಇತ್ತು. ಕನ್ನಡದಲ್ಲಿ ಓದುವ ಮಗುವನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಏನು ತಿಳಿದೀತು? 2015ರಲ್ಲಿ ಬಂದ 'ಡಾಲಿ' ಎಂಬ ಪರೀಕ್ಷಾ ಸಾಧನದಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡವೂ ಇದೆ. ಹೆತ್ತವರು ಕೇಳಿ ಪಡೆಯಬೇಕಾದದ್ದು ಇದು.

ಮನೆಮಾತು ಬಿಡಿಸಬೇಡಿ

ಭಾಷೆಯ ವಿಷಯದಲ್ಲಿ ಅಜ್ಜ ಅಜ್ಜಿಯರಿಗೂ ಒಂದು ಮಾತು. ಮಗುವಿಗೆ ಮಾತು ತಡವಾದರೆ "ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತನಾಡಿ" ಎಂದು ಕೆಲವರು ಸಲಹೆ ಕೊಡುತ್ತಾರೆ. ತಂದೆತಾಯಿ ಹೆದರಿ ಕೊಂಕಣಿ, ತುಳು, ಕನ್ನಡವನ್ನು ನಿಲ್ಲಿಸುತ್ತಾರೆ. ಎರಡು ಭಾಷೆಯ ಮನೆಯಲ್ಲಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತು ಇನ್ನೂ ತಡವಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಮನೆಮಾತು ನಿಂತಾಗ ಮಗುವಿನೊಡನೆ ತಡೆಯಿಲ್ಲದೆ ಮಾತನಾಡಬಲ್ಲ, ಹಾಡಬಲ್ಲ, ಕಥೆ ಹೇಳಬಲ್ಲ ಜನರೇ ಕಡಿಮೆಯಾಗುತ್ತಾರೆ. ಹೊತ್ತಿನ ಬಡತನದ ಮನೆಗೆ ಅಜ್ಜಿಯೇ ದೊಡ್ಡ ಆಸ್ತಿ. ಅವಳ ಬಾಯಿ ಕಟ್ಟುವುದು ಬೇಡ.

ನಾವು ಮಾಡಬಹುದಾದದ್ದು

ಇವೆಲ್ಲ ಸರಕಾರದ ಕೆಲಸ ಎಂದು ಸುಮ್ಮನಿರುವಂತಿಲ್ಲ. ಧರ್ಮಕೇಂದ್ರಗಳಲ್ಲಿ, ವಾರ್ಡುಗಳಲ್ಲಿ ದುಡಿಯುವವರು ಮಾಡಬಹುದಾದ ಕೆಲವು ಸಣ್ಣ ಕೆಲಸಗಳಿವೆ.

ಮೊದಲನೆಯದಾಗಿ, ಕ್ರೈಸ್ತ ಶಿಕ್ಷಣದ ತರಗತಿ. ನಲವತ್ತು ನಿಮಿಷದ ಪಾಠವನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ಮಾಡಿ. ಮಧ್ಯೆ ಎದ್ದು ನಿಲ್ಲುವ, ಹಾಡುವ, ಚಿತ್ರ ಬರೆಯುವ ಕೆಲಸ ಕೊಡಿ. ಚಡಪಡಿಸುವ ಮಗುವನ್ನು ಕಿಟಕಿ ಬಾಗಿಲಿನಿಂದ ದೂರ, ನಿಮ್ಮ ಹತ್ತಿರ ಕೂರಿಸಿ. ಪುಸ್ತಕ ಹಂಚುವ ಕೆಲಸ ಅದಕ್ಕೇ ಇರಲಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಮಾಡಿದ ಕೂಡಲೇ ಮೆಚ್ಚಿ, ವಾರದ ನಂತರ ಬೇಡ. ಎಲ್ಲರ ಎದುರು ಗಟ್ಟಿಯಾಗಿ ಓದಿಸಿ ನಾಚಿಸಬೇಡಿ. ಇದಕ್ಕೆ ಯಾವ ತರಬೇತಿ ಪತ್ರವೂ ಬೇಕಿಲ್ಲ.

ಎರಡನೆಯದಾಗಿ, ಸುಮ್ಮನೆ ಕುಳಿತ ಹುಡುಗಿಯರನ್ನು ನೋಡಿ. ಓಡಾಡುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕೊನೆಯ ಬೆಂಚಿನಲ್ಲಿ ಗಲಾಟೆಯಿಲ್ಲದೆ ಎಲ್ಲೋ ನೋಡುತ್ತ ಕುಳಿತವಳು ಹತ್ತನೇ ತರಗತಿಯವರೆಗೂ ಯಾರ ಕಣ್ಣಿಗೂ ಬೀಳದೆ ಹೋಗುತ್ತಾಳೆ.

ಮೂರನೆಯದಾಗಿ, ಪೂಜೆಯ ಹೊತ್ತಿನಲ್ಲಿ ಮಗು ಕೂಗಿದಾಗ ಹಿಂದಿರುಗಿ ನೋಡುವ ಅಭ್ಯಾಸ ಬಿಡೋಣ. ಆ ನೋಟಕ್ಕೆ ಹೆದರಿ ಇಗರ್ಜಿಗೆ ಬರುವುದನ್ನೇ ಬಿಟ್ಟ ಕುಟುಂಬಗಳಿವೆ. ಬಾಗಿಲ ಹತ್ತಿರದ ಒಂದು ಬೆಂಚು ಅವರಿಗೆ ಮೀಸಲಿರಲಿ, ಹೊರಗೆ ಒಂದು ಸುತ್ತು ಹಾಕಿ ಬರಲು ಅನುಕೂಲ.

ನಾಲ್ಕನೆಯದಾಗಿ, ಹೊತ್ತು ಕೊಡುವುದು. ತಾಯಿಯ ಜೊತೆ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದು, ಅರ್ಜಿ ತುಂಬಿಸುವುದು, ವಾರಕ್ಕೆ ಎರಡು ಗಂಟೆ ಮಗುವನ್ನು ನೋಡಿಕೊಳ್ಳುವುದು ಯುವಜನರ ಸಂಘಟನೆಗಳಿಗೆ ತಕ್ಕ ಸೇವೆ. ಊರಿನ ಗುರಿಕಾರರು ಬೆಂಗಳೂರಿಗೆ ಹೋದ ಕುಟುಂಬದ ವಿಚಾರವನ್ನು ಅಲ್ಲಿನ ಧರ್ಮಕೇಂದ್ರಕ್ಕೆ ತಿಳಿಸಿದರೆ ಈ ಕೊಂಡಿ ಸುಲಭವಾಗಿ ಬೆಸೆಯುತ್ತದೆ.

ಎಲ್ಲಿಗೆ ಹೋಗಬೇಕೆಂದು ಕೇಳುವವರಿಗೆ: ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಕೋರಮಂಗಲದ ಸೈಂಟ್ ಜಾನ್ಸ್ ಆಸ್ಪತ್ರೆ, ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇವೆ. ಊರಿನಲ್ಲಿ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ಬೆಂದೂರಿನ ಸೈಂಟ್ ಆಗ್ನೆಸ್ ವಿಶೇಷ ಶಾಲೆ, ಪಾಂಬೂರಿನ ಮಾನಸ ಕೇಂದ್ರ ನಮಗೆ ಪರಿಚಿತವೇ. ಹೋಗಲು ಹಿಂಜರಿಯುವವರು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಔಷಧಿ ಬೇಕೋ ಬೇಡವೋ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಆರು ವರ್ಷದೊಳಗಿನ ಮಕ್ಕಳಲ್ಲಿ ಹೆತ್ತವರಿಗೆ ತರಬೇತಿ ಕೊಡುವುದೇ ಮೊದಲ ಚಿಕಿತ್ಸೆ ಎಂಬುದನ್ನು ಮಾತ್ರ ನೆನಪಿಡೋಣ. 'ಬುದ್ಧಿ ಹೆಚ್ಚಿಸುವ' ಪುಡಿ, ಟಾನಿಕ್, ಮೊಬೈಲಿನ ಜಾಹೀರಾತುಗಳಿಗೆ ದುಡ್ಡು ಸುರಿಯುವುದು ಬೇಡ.

ಮುಂದಿನ ಭಾನುವಾರ ಆ ಫೋನ್ ಬಂದಾಗ "ನಾಲ್ಕು ಪೆಟ್ಟು ಕೊಡು" ಎನ್ನುವ ಬದಲು ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ: "ಕಣ್ಣು ಕಿವಿ ತೋರಿಸಿದ್ದೀರಾ? ರಕ್ತ ಪರೀಕ್ಷೆ ಆಯಿತೇ? ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ? ಯಾವ ಕೆಲಸದಲ್ಲಿ ಅವನು ಮೈಮರೆಯುತ್ತಾನೆ?" ಕೊನೆಯ ಪ್ರಶ್ನೆಗೆ ಪ್ರತಿಯೊಂದು ಮಗುವಿಗೂ ಒಂದು ಉತ್ತರವಿರುತ್ತದೆ. ಅಲ್ಲಿಂದಲೇ ಕಲಿಕೆ ಆರಂಭಿಸಬಹುದು. ಅದನ್ನು ಕಂಡುಕೊಳ್ಳಬೇಕಾದರೆ ನಾವು ದೊಡ್ಡವರು ಸ್ವಲ್ಪ ಹೊತ್ತು ಎಲ್ಲವನ್ನೂ ಬದಿಗಿಟ್ಟು ಆ ಮಗುವಿನ ಕಡೆ ನೋಡಬೇಕು. ಬೇಸಿಗೆ ರಜೆಗೆ ಅವರು ಊರಿಗೆ ಬರುತ್ತಾರೆ. ಅಂಗಳದಲ್ಲಿ ಅಜ್ಜ, ಅಜ್ಜಿ, ಕಾಗೆ, ದನಕರು, ಮಣ್ಣು ಎಲ್ಲ ಇವೆ. ಈ ವರ್ಷ ಟ್ಯಾಬನ್ನು ಬೆಂಗಳೂರಿನಲ್ಲೇ ಬಿಟ್ಟು ಬರಲು ಹೇಳೋಣ.